ಗಟ್ಟಿಯಾಗಿ ಓದಬಹುದಾದ ಪ್ರೇಮ

ಸೆನಾಯ್ದಾ ಪೆಂತೋನಳ ಮನೆಯಲ್ಲಿ ತಿಂಗಳಿಗೊಂದು ಮದುವೆ ನಡೆಯುತ್ತದೆ, ಗಂಡು ಮಾತ್ರ ಇದುವರೆಗೆ ಯಾರ ಕಣ್ಣಿಗೂ ಬಿದ್ದಿಲ್ಲ ಎಂದು ನಮ್ಮ ಓಣಿಯವರು ಹೇಳುತ್ತಿದ್ದರು. ಹೇಳುವವರದೇನೂ ತಪ್ಪಿರಲಿಲ್ಲ. ಸಂಜೆಯ ಬಿಸಿಲು ಹೆಂಚಿನಿಂದ ಜಾರಿ ಗೋಡೆಗೆ ಇಳಿಯಿತೆಂದರೆ ಸಾಕು, ಆ ಮನೆಯ ಸರಳು ಕಿಟಕಿಯಿಂದ ಒಂದು ಗಂಡುದನಿ ಪ್ರೇಮಭಿಕ್ಷೆ ಬೇಡತೊಡಗುತ್ತಿತ್ತು, ಒಂದು ಹೆಣ್ಣುದನಿ ಮುನಿಯುತ್ತಿತ್ತು, ನಡುವೆ ಯಾರೋ ಮುದುಕ ತಂದೆ ಕೆಮ್ಮಿ ಕೆಮ್ಮಿ ಶಾಪ ಹಾಕುತ್ತಿದ್ದ, ಕಡೆಗೆ ಚರ್ಚಿನ ಗಂಟೆಯೂ ಅದೇ ಗಂಟಲಿನಿಂದಲೇ ಹೊಡೆಯುತ್ತಿತ್ತು. ಇಣುಕಿ ನೋಡಿದರೆ ಒಳಗೆ ತೂಗುಕುರ್ಚಿಯಲ್ಲಿ ಅರವತ್ತು ದಾಟಿದ ಒಂಟಿ ಹೆಂಗಸು, ಅವಳ ಮಡಿಲಲ್ಲಿ ಒಂದು ಪುಸ್ತಕ. ಇಷ್ಟೆ.

ನಮ್ಮೂರು ಕಬಾಯಿಗುವಾನಿನ ಚುರುಟು ಕಾರ್ಖಾನೆಯಲ್ಲಿ ಅವಳು ಓದುವವಳು. ನಾವು ಹಜಾರದ ಉದ್ದಕ್ಕೂ ಹಲಗೆಗಳ ಮುಂದೆ ಕೂತು ತಂಬಾಕಿನ ಎಲೆ ಸುತ್ತುತ್ತಿದ್ದರೆ, ಅವಳು ಎತ್ತರದ ಪೀಠದ ಮೇಲೆ ಕೂತು ಬೆಳಿಗ್ಗೆ ಪತ್ರಿಕೆಯನ್ನೂ ಮಧ್ಯಾಹ್ನ ಕಾದಂಬರಿಯನ್ನೂ ಓದಿ ಹೇಳುತ್ತಿದ್ದಳು. ಓದಿದ್ದು ಮನಸ್ಸಿಗೆ ಹಿಡಿಸಿದರೆ ಎಲೆ ಕತ್ತರಿಸುವ ಬಾಗುಚಾಕುಗಳಿಂದ ನಾವೆಲ್ಲ ಹಲಗೆ ಬಡಿಯುತ್ತಿದ್ದೆವು; ಹಿಡಿಸದಿದ್ದರೆ ಚಾಕುವನ್ನು ನೆಲಕ್ಕೆ ಬೀಳಿಸುತ್ತಿದ್ದೆವು. ಯಾವ ಪುಸ್ತಕ, ಯಾರು ಓದಬೇಕು ಎಂಬುದೆಲ್ಲ ನಾವು ಕೈಯೆತ್ತಿ ತೀರ್ಮಾನಿಸುವ ಸಂಗತಿ. ಮೇಲಧಿಕಾರಿಗೂ ಅದರಲ್ಲಿ ಬಾಯಿ ಹಾಕುವ ಹಕ್ಕಿರಲಿಲ್ಲ.

ಕಂಠವೇ ತನ್ನ ಆಸ್ತಿಯೆಂದು ಬಲ್ಲವಳಾದ್ದರಿಂದ ಆಗಸ್ಟ್ ತಿಂಗಳ ಉರಿಬಿಸಿಲಿನಲ್ಲೂ ಕುತ್ತಿಗೆಗೆ ಒಂದು ನೀಲಿ ಉಣ್ಣೆಯ ಶಾಲು ಸುತ್ತಿಕೊಂಡಿರುತ್ತಿದ್ದಳು. ಬೀದಿಯಲ್ಲಿ ನಡೆಯುವಾಗ ತುಟಿ ಬಿಗಿದು, ಮೊಣಕೈಯಿಂದ ಧೂಳನ್ನು ಪಕ್ಕಕ್ಕೆ ತಳ್ಳುತ್ತಿರುವವಳಂತೆ ಒಂದು ಭುಜ ಮುಂದೆ ಮಾಡಿ ಸಾಗುವಳು. ಯಾರು ಮಾತಾಡಿಸಿದರೂ ಉತ್ತರ ಹುಬ್ಬಿನಲ್ಲಿ. ಅಪರೂಪಕ್ಕೆ ಬಾಯಿ ತೆರೆದರೆ ಬರುತ್ತಿದ್ದುದು ಒಂದೇ ಪದ: "ಆಮೇಲೆ?" ಅಂಗಡಿಗೆ ಬ್ರೆಡ್ಡು ಬಂದಿಲ್ಲವೆಂದರೂ "ಆಮೇಲೆ?", ಸಕ್ಕರೆ ಕಾರ್ಖಾನೆಯ ಫೋರ್‌ಮನ್ ತೀರಿಕೊಂಡನೆಂದರೂ "ಆಮೇಲೆ?" ಲೋಕದ ಸಮಸ್ತ ವಾರ್ತೆಯೂ ಅವಳ ಪಾಲಿಗೆ ಮುಂದಿನ ಪುಟಕ್ಕೆ ಕಾದಿರುವ ಕಥೆಯಾಗಿತ್ತು.

ಅವಳು ಜೀವಮಾನವೆಲ್ಲ ಹುಡುಕಿದ್ದು ಒಂದೇ ಬಗೆಯ ಪುಸ್ತಕವನ್ನು: ನಿರ್ಮಲವಾಗಿರುವ, ಆದರೂ ಓದಲು ಯೋಗ್ಯವಾದ ಪ್ರೇಮಕಾದಂಬರಿ. ನಿರ್ಮಲ ಎನ್ನುವುದಕ್ಕೆ ಅವಳದೇ ಆದ ಅಳತೆಗೋಲಿತ್ತು. ನಮ್ಮ ಸಾಲಿನಲ್ಲಿ ಬಸಿಲಿಯಾ ಎಂಬ ಹೆಂಗಸೂ ಅವಳ ಸೊಸೆ ಯುಸ್ಲೇಮಿಯೂ ಒಂದೇ ಹಲಗೆಗೆ ಕೂರುತ್ತಿದ್ದರು. "ನಾನು ಓದುವಾಗ ಆ ಅತ್ತೆಸೊಸೆಯರಲ್ಲಿ ಒಬ್ಬಳು ತಲೆ ತಗ್ಗಿಸಿದರೂ ಆ ಪುಸ್ತಕ ನನಗೆ ಬೇಡ, ಇಬ್ಬರೂ ಆಕಳಿಸಿದರೂ ಬೇಡ" ಎನ್ನುತ್ತಿದ್ದಳು.

ಇಂಥ ಪುಸ್ತಕ ಎಷ್ಟು ದುರ್ಲಭವೆಂಬುದು ಅವಳಿಗೆ ಗೊತ್ತಾದದ್ದು ಒಂದು ಮಧ್ಯಾಹ್ನ ಪೀಠದ ಮೇಲೆಯೇ. ಮುಂಚಿತವಾಗಿ ನೋಡಿಕೊಳ್ಳದೆ ತಂದ ಕಾದಂಬರಿಯೊಂದನ್ನು ಓದುತ್ತಿದ್ದಾಗ, ಸೇನಾಧಿಕಾರಿಯೊಬ್ಬ ವಿಧವೆಯೊಬ್ಬಳ ಕೋಣೆಯ ಬಾಗಿಲು ತಟ್ಟಿದ; ಬಾಗಿಲು ತೆರೆಯಿತು; ಮೇಣದ ಬತ್ತಿ ಆರಿತು. ಸೆನಾಯ್ದಾಳ ಕಣ್ಣು ಮಾತ್ರ ಎರಡು ಪುಟ ಮುಂದೆ ಓಡಿ, ಮುಖ ಕೆಂಪಾಗಿ, ಒಂದು ಕೆಮ್ಮಿನ ಬಳಿಕ "ಮರುದಿನ ಬೆಳಿಗ್ಗೆ ಅವರು ಕಾಫಿ ಕುಡಿಯುತ್ತಿದ್ದಾಗ" ಎಂದು ಅವಳು ಮುಂದುವರಿಸಿದಳು.

"ರಾತ್ರಿ ಎಲ್ಲಿ ಹೋಯ್ತು ಸೆನಾಯ್ದಕ್ಕ?" ಎಂದಳು ಯುಸ್ಲೇಮಿ.

"ಕರೆಂಟು ಹೋಗಿರ್ಬೇಕು ಕಣೇ" ಎಂದರು ಇನ್ನಾರೋ. ನಗೆಯ ಹಿಂದೆಯೇ ಚಾಕುಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ನಮ್ಮ ಪಾಲಿನ ಕಥೆಯಲ್ಲಿ ಒಂದು ಸಾಲನ್ನೂ ಬಚ್ಚಿಡಕೂಡದು ಎಂಬುದು ಹಜಾರದ ಧರ್ಮ. ಅವಳು ಶಾಲು ಸರಿಮಾಡಿಕೊಂಡು ಕ್ಷಮೆ ಕೇಳಿದಳು. ಇನ್ನು ಮುಂದೆ ಯಾವ ಪುಟವನ್ನೂ ಹಾರಿಸುವುದಿಲ್ಲ, ಹಾರಿಸಬೇಕಾದ ಪುಟವಿರುವ ಪುಸ್ತಕವನ್ನು ತರುವುದೂ ಇಲ್ಲ ಎಂದು ಅಲ್ಲೇ ಮಾತು ಕೊಟ್ಟಳು.

ಅಂದಿನಿಂದ ಸಂಜೆಯ ಪರೀಕ್ಷೆ ಆರಂಭವಾಯಿತು. ಮನಸ್ಸಿನಲ್ಲೇ ಓದಿಕೊಂಡರೆ ಕಣ್ಣು ಮೋಸಮಾಡುತ್ತದೆ, ನಾಲಿಗೆ ಮಾಡುವುದಿಲ್ಲ ಎಂಬುದು ಅವಳ ನಂಬಿಕೆ. ಆದ್ದರಿಂದ ಪ್ರತಿ ಪುಸ್ತಕವನ್ನೂ ಮನೆಯಲ್ಲಿ ಆದ್ಯಂತ ಗಟ್ಟಿಯಾಗಿ ಓದುವಳು. ಇದರಿಂದ ಬೇರೆಯೇ ತಾಪತ್ರಯ ಬಂತು. ಬಸಿಲಿಯಾಳ ಅಡುಗೆಮನೆಗೂ ಸೆನಾಯ್ದಾಳ ಕೋಣೆಗೂ ನಡುವೆ ಇದ್ದುದು ಒಂದೇ ಗೋಡೆ. ಸೆನಾಯ್ದಾ ಪೀಠವೇರಿ ಮೊದಲ ಅಧ್ಯಾಯ ತೆರೆಯುವ ಹೊತ್ತಿಗೆ ಬಸಿಲಿಯಾ ಇಡೀ ಸಾಲಿಗೆ, "ಆ ಹುಡುಗಿ ಕಡೇಗೆ ಡಾಕ್ಟ್ರನ್ನೇ ಕಟ್ಕೊಳ್ಳೋದು, ಸುಮ್ನೆ ಯೋಚ್ನೆ ಮಾಡ್ಬೇಡಿ" ಎಂದು ಹೇಳಿ ಮುಗಿಸಿರುತ್ತಿದ್ದಳು.

ಸೆನಾಯ್ದಾ ಜಗಳವಾಡಲಿಲ್ಲ. ಮನೆಯಲ್ಲಿ ಓದುವಾಗ ಎಲ್ಲ ಕಾದಂಬರಿಗಳ ಎಲ್ಲ ನಾಯಕರಿಗೂ ಒಂದೇ ಹೆಸರಿಟ್ಟುಬಿಟ್ಟಳು: ಲಿಯೊವಿಹಿಲ್ದೊ. ಬಸಿಲಿಯಾ ಕಂಗಾಲಾದಳು. "ಅವನು ನಿನ್ನೆ ಡಾಕ್ಟ್ರು, ಇವತ್ತು ಕಳ್ಳಸಾಗಣೆಯೋನು, ನಾಳೆ ಪಾದ್ರಿಯಾದ್ರೂ ಆಗ್ತಾನೆ! ಯಾವ ಕಥೆ ಎಲ್ಲಿ ಮುಗೀತೋ ಆ ದೇವರಿಗೇ ಗೊತ್ತು" ಎಂದು ಹಲುಬಿದಳು.

ಆ ಹೆಸರಿನ ಮನುಷ್ಯನೊಬ್ಬ ಓಣಿಯ ಆಚೆ ಬದಿಯಲ್ಲೇ ಇದ್ದ. ಬಾಗಿಲ ಮುಂದೆ ಒಂದು ಪುಟ್ಟ ಮೇಜು ಹಾಕಿಕೊಂಡು, ಖಾಲಿಯಾದ ಲೈಟರುಗಳಿಗೆ ಗ್ಯಾಸು ತುಂಬಿ, ಒಮ್ಮೆ ಜ್ವಾಲೆ ಹೊತ್ತಿಸಿ ನೋಡಿ ಹಿಂದಿರುಗಿಸುತ್ತಿದ್ದ. ಮಾತು ಕಡಿಮೆ, ಮದುವೆಯಾದವನಲ್ಲ. ಕೂಗಿ ಕರೆದರೂ ತಿರುಗದೆ ಇರುತ್ತಿದ್ದುದರಿಂದ ಅವನಿಗೆ ಕಿವಿ ಮಂದವೆಂದು ಊರೇ ನಂಬಿತ್ತು. ಸೆನಾಯ್ದಾಳೂ ಹಾಗೆ ನಂಬಿದವಳೇ.

ಆಗ ಬಂದವು ಆ ವರ್ಷಗಳು. ಸರಕು ತರುತ್ತಿದ್ದ ರಷ್ಯದ ಹಡಗುಗಳು ಬರುವುದು ನಿಂತು, ಎಣ್ಣೆ, ಸಾಬೂನು, ಕಾಗದ ಎಲ್ಲ ಒಟ್ಟಿಗೆ ಮಾಯವಾದ ಕಾಲ. ಹೊಸ ಪುಸ್ತಕ ಬರಲಿಲ್ಲ. ಹಳೆಯದನ್ನೇ ತಿರುಗಿ ಓದಿದಳು, ಮತ್ತೆ ಓದಿದಳು. ಒಂದು ಮಧ್ಯಾಹ್ನ ಯುಸ್ಲೇಮಿ, ತುಂಬಿದ ಬಸುರಿ, ಚಾಕು ಕೆಳಗಿಟ್ಟು ಹೇಳಿದಳು: "ಅಕ್ಕಾ, ಆ ಮನುಷ್ಯ ಯಾವ ಪುಟದಲ್ಲಿ ಕುದುರೆಯಿಂದ ಬೀಳ್ತಾನೆ ಅಂತ ನನ್ನ ಹೊಟ್ಟೇಲಿರೋದಕ್ಕೂ ಗೊತ್ತು. ಇದನ್ನಾದ್ರೂ ಓದಿ." ಅವಳು ಮುಂದೆ ಚಾಚಿದ್ದು ರಟ್ಟು ಕಾಣದಂತೆ ಪತ್ರಿಕೆ ಸುತ್ತಿದ ಒಂದು ಪುಸ್ತಕ. ಸೆನಾಯ್ದಾ ನಿಂತಲ್ಲೇ ಒಂದೆರಡು ಪುಟ ಕಣ್ಣಾಡಿಸಿ ಹಿಂದಕ್ಕೆ ಕೊಟ್ಟಳು.

"ಇದರಲ್ಲಿ ಪ್ರೇಮ ಎಲ್ಲಿದೆ ತೋರಿಸು ಮಗಳೇ. ಪುಟಪುಟಕ್ಕೂ ಬಟ್ಟೆ ಬಿಚ್ಚೋದೇ ಇದೆ. ಅಷ್ಟೊಂದು ಬಟ್ಟೆ ಮಡಚೋರು ಯಾರು?"

ಹಜಾರ ನಕ್ಕಿತು, ಆದರೆ ಯುಸ್ಲೇಮಿ ಬಿಡಲಿಲ್ಲ. "ಹಾಗಾದ್ರೆ ರೇಡಿಯೊ ಹಾಕ್ಲಿ. ಅದರಲ್ಲಿ ದಿನಾ ಹೊಸಾ ಕಥೆ ಬರುತ್ತೆ." ಈ ಸಲ ಬಹಳ ಚಾಕುಗಳು ಅವಳ ಪರವಾಗಿ ಹಲಗೆ ಬಡಿದವು. ಕೈಯಲ್ಲಿರುವ ಪುಸ್ತಕ ಮುಗಿದ ಮೇಲೆ ಇನ್ನೊಂದನ್ನು ಒಂದು ವಾರ ಕೇಳುವುದು, ಆಮೇಲೆ ಸೆನಾಯ್ದಾಳೋ ರೇಡಿಯೊವೋ ಎಂದು ಕೈಯೆತ್ತುವುದು ಎಂದು ನಿಶ್ಚಯವಾಯಿತು. ಪೀಠ ಹೋದರೆ ಅವಳು ಉಪವಾಸ ಬೀಳುತ್ತಿರಲಿಲ್ಲ. ಎಲೆಯ ದಂಟು ಬಿಡಿಸಲು ಕೂರಿಸುತ್ತಿದ್ದರು. ಆದರೆ ಆ ಕಂಠಕ್ಕೆ ಇರಲು ಮನೆಯಿಲ್ಲದಂತಾಗುತ್ತಿತ್ತು.

ರಜೆಯ ದಿನಗಳಲ್ಲಿ ಕುದುರೆಗಾಡಿ ಹತ್ತಿ ಅವಳು ಸುತ್ತಲಿನ ಊರುಗಳನ್ನು ಅಲೆದಳು. ಮನೆಮನೆಯ ಬಾಗಿಲು ತಟ್ಟಿ, "ನಿಮ್ಮಲ್ಲಿ ಪ್ರೇಮದ ಪುಸ್ತಕ ಇದೆಯಾ ತಾಯಿ? ಕೊಳೆ ಇರಬಾರದು, ಸಪ್ಪೆಯೂ ಇರಬಾರದು" ಎಂದು ಕೇಳುವಳು. ಪಾದ್ರಿಯ ತಂಗಿ ಕೊಟ್ಟ ಪುಸ್ತಕದಲ್ಲಿ ಪ್ರೇಮಿಗಳು ಪ್ರಾರ್ಥನೆಯ ಹೊರತು ಬೇರೇನನ್ನೂ ಜೊತೆಯಾಗಿ ಮಾಡಲಿಲ್ಲ. ಓದುತ್ತಾ ಸೆನಾಯ್ದಾಳೇ ನಿದ್ದೆಹೋದಳು. ಹಲ್ಲಿನ ವೈದ್ಯರ ಹೆಂಡತಿ ಕೊಟ್ಟದ್ದರಲ್ಲಿ ನಾಯಕಿ ಅಧ್ಯಾಯಕ್ಕೊಮ್ಮೆ ಮೂರ್ಛೆ ಬೀಳುತ್ತಿದ್ದಳು. "ಇವಳಿಗೆ ಬೇಕಾಗಿರೋದು ಗಂಡನಲ್ಲ, ಒಂದು ತಟ್ಟೆ ಅನ್ನ, ಮೇಲೊಂದು ಸೌಟು ಕರಿಕಾಳಿನ ಸಾರು" ಎಂದು ಅದನ್ನೂ ಹಿಂದಿರುಗಿಸಿದಳು.

ಸಿಕ್ಕಿದ್ದು ಗುವಾಯೋಸಿನ ರೈಲು ನಿಲ್ದಾಣದಲ್ಲಿ. ಹುರಿದ ಕಡಲೆಕಾಯಿ ಮಾರುವವನೊಬ್ಬ ಪೊಟ್ಟಣ ಸುತ್ತಲು ಒಂದು ಪುಸ್ತಕದ ಹಾಳೆ ಹರಿಯುತ್ತಿದ್ದ. ಪೊಟ್ಟಣದ ಹೊರಮೈಯಲ್ಲಿ ಕಂಡ ಒಂದು ಸಾಲನ್ನು ಸೆನಾಯ್ದಾ ಓದಿದಳು. ಕಡಲೆಕಾಯಿ ತಿನ್ನುವುದನ್ನು ಬಿಟ್ಟು ಅವನ ಕೈ ಹಿಡಿದುಕೊಂಡಳು. ಅವನು ಬಯ್ದ, ಇವಳು ಬೇಡಿಕೊಂಡಳು. ಕಡೆಗೆ ಚೀಲದಲ್ಲಿದ್ದ ಕಾರ್ಖಾನೆಯ ಹಳೆಯ ಪತ್ರಿಕೆಗಳ ಕಟ್ಟನ್ನೆಲ್ಲ ಕೊಟ್ಟು ಆ ಪುಸ್ತಕ ಬಿಡಿಸಿಕೊಂಡಳು. ರಟ್ಟಿಲ್ಲ, ಬರೆದವರ ಹೆಸರಿಲ್ಲ, ಮೊದಲ ಅಧ್ಯಾಯವೂ ಇಲ್ಲ.

ಒಬ್ಬ ದೋಣಿಯವನ ಕಥೆ ಅದು. ಪ್ರತಿ ಬೆಳಿಗ್ಗೆ ಹೊಳೆಯಾಚೆಯ ಶಾಲೆಗೆ ಒಬ್ಬ ಶಿಕ್ಷಕಿಯನ್ನು ದಾಟಿಸುತ್ತಾನೆ. ಅವಳು ಇಳಿಯುವಾಗ ಕೈ ನೀಡುವುದಿಲ್ಲ. ದೋಣಿ ಅಲುಗದಂತೆ ಅಂಚನ್ನು ಒತ್ತಿ ಹಿಡಿಯುತ್ತಾನೆ, ಅಷ್ಟೆ. ಪುಸ್ತಕವಿಡೀ ಒಬ್ಬರ ಬೆರಳು ಇನ್ನೊಬ್ಬರಿಗೆ ತಾಗದಿದ್ದರೂ ಓದುವವರ ಮೈ ಬೆಚ್ಚಗಾಗುತ್ತಿತ್ತು. ನಡುವೆ ಒಂದು ಕಡೆ, ಅವಳನ್ನು ಕೇಳದೆಯೇ ಅವನು ಅವಳ ತಂದೆಯ ಹತ್ತಿರ ಮದುವೆಯ ಮಾತೆತ್ತುತ್ತಾನೆ. ಅವಳು ಅವನ ಮುಖ ನೋಡಿ ಬೇಡವೆನ್ನುತ್ತಾಳೆ. ಆ ಸಂಜೆ ನಮ್ಮ ಓಣಿಯಲ್ಲಿ ಕೇಳಿಸಿದ್ದು ಹೀಗೆ: "ಬೇಡ ಲಿಯೊವಿಹಿಲ್ದೊ. ನಾಳೆಯಿಂದ ನಾನು ಸೇತುವೆಯ ಮೇಲೆ ನಡೆದೇ ಹೋಗುತ್ತೇನೆ."

ಮರುದಿನ ಬೆಳಿಗ್ಗೆ ನಾನು ನನ್ನ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದೆ. ಎದುರುಮನೆಯ ಲಿಯೊವಿಹಿಲ್ದೊ ಓಣಿ ದಾಟಿ ಸೆನಾಯ್ದಾಳ ಕಿಟಕಿಗೆ ಬಂದು ನಿಂತ. ತಲೆ ಬಾಚಿತ್ತು, ಕಣ್ಣು ಕೆಂಪಾಗಿತ್ತು.

"ನಿನ್ನೆ ನನ್ನನ್ನ ಬೇಡ ಅಂದ್ರಿ" ಎಂದ. "ನಾನು ಮಾಡಿದ ತಪ್ಪೇನು ಅಂತ ಕೇಳೋಣ ಅಂತ ಬಂದೆ."

ಸೆನಾಯ್ದಾ ಶಾಲನ್ನು ಬಾಯಿಗೆ ಒತ್ತಿಕೊಂಡಳು. "ನಿಮಗೆ ಕಿವಿ ಕೇಳುತ್ತಾ?"

"ಕೇಳುತ್ತೆ. ಉತ್ತರ ಹೇಳೋಕೆ ಬೇಜಾರು, ಅದಕ್ಕೇ ತಿರುಗಲ್ಲ."

"ಅಯ್ಯೋ, ಅದು ಪುಸ್ತಕದ ಗಂಡು ಕಣ್ರೀ! ಕಥೆ ಹೊರಗೆ ಬೀಳದಿರಲಿ ಅಂತ ಹೆಸರು ಬದಲಾಯಿಸಿದೆ. ನಿಮ್ಮದು ಉದ್ದ ಇದೆ, ಹೇಳಿ ಮುಗಿಸೋವಷ್ಟರಲ್ಲಿ ಒಂದು ಉಸಿರು ಎಳ್ಕೋಬಹುದು."

"ಪುಸ್ತಕದ್ದು ಅಂತ ಗೊತ್ತು. ಹೆಣ್ಣುಗಳು ಬದಲಾಗ್ತಾ ಇದ್ರು, ದನಿ ಒಂದೇ ಇತ್ತು. ಇಷ್ಟು ವರ್ಷ ಎಲ್ಲಾ ಕಥೇಲೂ ಕಡೇಗೆ ಒಪ್ಕೊಳ್ತಿದ್ರಿ, ನಾನು ಊಟ ಮಾಡಿ ಮಲಗ್ತಿದ್ದೆ. ನಿನ್ನೆ ನಿದ್ದೆ ಬರಲಿಲ್ಲ."

"ಆಮೇಲೆ?"

"ಆಮೇಲೇನು? ಬೆಳಗಾಯ್ತು, ಬಂದೆ."

ಸೆನಾಯ್ದಾಳ ಮುಖದಲ್ಲಿ ನಾಚಿಕೆಯೂ ಇತ್ತು, ಗಡಿಬಿಡಿಯೂ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅಳತೆ ಸರಿಯಾಗಿ ಬಂದಾಗ ದರ್ಜಿಯ ಮುಖದಲ್ಲಿ ಕಾಣುವ ತೃಪ್ತಿಯಿತ್ತು. ಮುಟ್ಟದೆಯೇ ಒಬ್ಬ ಮನುಷ್ಯನ ನಿದ್ದೆ ಕೆಡಿಸಿದ ಪುಸ್ತಕ! "ಇವತ್ತು ಸಂಜೆ ಒಳಗೆ ಬಂದು ಕೂತು ಕೇಳಿ. ನಿಮ್ಮ ಕುರ್ಚಿ ನೀವೇ ತನ್ನಿ" ಎಂದು ಹೇಳಿ, ಶಾಲು ಬಿಗಿದುಕೊಂಡು, ಭುಜ ಮುಂದೆ ಮಾಡಿ ಕಾರ್ಖಾನೆಗೆ ನಡೆದಳು.

ಮನೆಯ ಓದು ಮುಗಿಸಿ ಆ ಪುಸ್ತಕವನ್ನು ಹಜಾರಕ್ಕೆ ತಂದ ದಿನ ಅವಳು ಮೊದಲು ಹೇಳಿದ್ದು ಇಷ್ಟು: "ಮೊದಲನೇ ಅಧ್ಯಾಯ ಇಲ್ಲ. ಅದನ್ನ ಗುವಾಯೋಸಿನವರು ಕಡಲೆಕಾಯಿ ಜೊತೆ ತಿಂದ್ರು. ಎರಡನೇದರಿಂದ ಓದ್ತೀನಿ, ಇದರಲ್ಲಿ ಒಂದು ಅಕ್ಷರಾನೂ ಬಿಡಲ್ಲ." ವಾರ ಮುಗಿಯುತ್ತಾ ಬಂದಾಗ ದೋಣಿಯವನನ್ನು ಶಿಕ್ಷಕಿ ಬೇಡವೆಂದ ಭಾಗ ಬಂತು. ಎಲೆ ಸುತ್ತುತ್ತಿದ್ದ ಕೈಗಳೆಲ್ಲ ನಿಂತವು. ಯುಸ್ಲೇಮಿ ಚೀರಿದಳು: "ಅಯ್ಯೋ ಹುಚ್ಚೀ, ಬೇಡ ಅನ್ಬೇಡ ಕಣೇ!"

"ಸರಿಯಾಗೇ ಅಂದಳು!" ಎಂದಳು ಬಸಿಲಿಯಾ. "ಹೆಣ್ಣನ್ನ ಒಂದು ಮಾತು ಕೇಳದೆ ಅಪ್ಪನ ಹತ್ರ ಹೋಗೋದಾ? ನನ್ನ ಮಗನ ಥರಾನೇ ಆಡ್ತಾನೆ ಇವನೂ."

"ನಿಮ್ಮ ಮಗ ನನ್ನನ್ನೇ ಮೊದಲು ಕೇಳಿದ್ದು ಅತ್ತೆ."

"ಕೇಳಿದ್ನಾ? ನನಗೆ ಹೇಳಲೇ ಇಲ್ಲವಲ್ಲೇ! ಏನಂತ ಕೇಳಿದ?"

ಅತ್ತೆಸೊಸೆಯರು ಎಲೆ ಕೈಯಲ್ಲಿ ಹಿಡಿದುಕೊಂಡೇ ಒಬ್ಬರ ಮುಖ ಒಬ್ಬರು ನೋಡಿ ವಾದಕ್ಕಿಳಿದರು. ಯಾರ ತಲೆಯೂ ತಗ್ಗಲಿಲ್ಲ. ಸೆನಾಯ್ದಾ ಕನ್ನಡಕ ತೆಗೆದು ಒರೆಸಿಕೊಂಡಳು. ಕೈಯೆತ್ತುವ ದಿನ ಬಂದಾಗ ರೇಡಿಯೊ ಪರವಾಗಿ ಎದ್ದ ಕೈ ಒಂದೂ ಇರಲಿಲ್ಲ, ಯುಸ್ಲೇಮಿಯ ಕೈಯೂ ಏಳಲಿಲ್ಲ. ಹಲಗೆ ಬಡಿದ ಸದ್ದಿಗೆ ಚರ್ಚಿನ ಗೋಪುರದ ಪಾರಿವಾಳಗಳು ಹಾರಿದವು ಎಂದು ಬೀದಿಯವರು ಹೇಳಿದರು. ನಾವು ಒಳಗಿದ್ದೆವು, ನೋಡಲಿಲ್ಲ.

ಲಿಯೊವಿಹಿಲ್ದೊ ಪ್ರತಿ ಸಂಜೆ ಕುರ್ಚಿ ಹೊತ್ತುಕೊಂಡು ಬಂದು, ಓದು ಮುಗಿದ ಮೇಲೆ ಹೊತ್ತುಕೊಂಡು ಹೋಗುತ್ತಿದ್ದ. ಪುಸ್ತಕಗಳು ಮುಗಿದವು, ಬೇರೆ ಬಂದವು. ಒಂದು ಸಂಜೆ ಅವನು ಕುರ್ಚಿ ಎತ್ತಿಕೊಳ್ಳದೆ ನಿಂತು, ತಂದೆಯಿಲ್ಲದ ಹೆಣ್ಣನ್ನು ನೇರವಾಗಿಯೇ ಕೇಳಿದ: "ನಾನು ಈ ಕಡೆ ಬರಲೋ, ನೀವು ಆ ಕಡೆ ಬರ್ತೀರೋ, ಅಥವಾ ಹೀಗೇ ಇರೋಣವೋ? ನೀವು ಹೇಳಿದ ಹಾಗೆ."

ಅವಳು ಹುಬ್ಬಿನಲ್ಲಿ ಉತ್ತರ ಕೊಡಲಿಲ್ಲ. "ನಿಮ್ಮ ಜಗಲಿ ಅಗಲ ಇದೆ. ಅಲ್ಲಿ ಓದೋಕೆ ಬೆಳಕು ಜಾಸ್ತಿ ಹೊತ್ತು ಇರುತ್ತೆ" ಎಂದಳು.

ಶುದ್ಧವಾದ ಪ್ರೇಮಕಥೆ ಹುಡುಕುವವರನ್ನು ಲೋಕ ಭಯಸ್ಥರೆಂದು, ಬಾಳಿನ ಬಿಸಿ ತಿಳಿಯದವರೆಂದು ನಗೆಯಾಡುವುದುಂಟು. ಇವಳನ್ನು ಕಂಡ ನನಗೆ ಹಾಗನ್ನಿಸುವುದಿಲ್ಲ. ಇಂಥವರು ಪ್ರೇಮವನ್ನು ನಾಲ್ಕು ಜನರ ನಡುವೆ, ಹಗಲು ಬೆಳಕಿನಲ್ಲಿ, ದನಿಯೆತ್ತಿ ಹೇಳಬಹುದಾದಷ್ಟು ದೊಡ್ಡದೆಂದು ನಂಬಿದವರು. ಎಲ್ಲರ ಕಿವಿಗೂ ಸಲ್ಲುವ ಮಾತಿಗಾಗಿ ಊರೂರು ಅಲೆಯುವ ಅವರಿಗೆ ತಮಗೆ ಸಲ್ಲಬೇಕಾದ ಮಾತು ತಡವಾಗಿ ತಲುಪುತ್ತದೆ, ತಲುಪಿದಾಗ ಅದರಲ್ಲಿ ಹಾರಿಸಬೇಕಾದ ಪುಟ ಒಂದೂ ಇರುವುದಿಲ್ಲ.

ಭಾನುವಾರ ನಾವೆಲ್ಲ ಸೇರಿ ಅವಳ ಪುಸ್ತಕಗಳನ್ನು ಎಲೆ ತುಂಬುವ ಬುಟ್ಟಿಗಳಲ್ಲಿ ಆಚೆ ಬದಿಗೆ ಸಾಗಿಸಿದೆವು. ಯುಸ್ಲೇಮಿ ಕಂಕುಳಲ್ಲಿ ಮಗುವನ್ನಿಟ್ಟುಕೊಂಡೇ ತೂಗುಕುರ್ಚಿಯ ಒಂದು ತುದಿ ಹಿಡಿದಿದ್ದಳು. ಮನೆ ಬರಿದಾದ ಮೇಲೆ ಸೆನಾಯ್ದಾ ಕಿಟಕಿ ಮುಚ್ಚಿ, ಹೊರಬಂದು, ಬಾಗಿಲು ಎಳೆದುಕೊಂಡಳು. ಅಷ್ಟರಲ್ಲಿ ಓಣಿಗೆ ನುಗ್ಗಿದ ಕುದುರೆಗಾಡಿಯವನು ಲಗಾಮು ಜಗ್ಗಿ ನಿಲ್ಲಿಸಿ, "ದಾಟಮ್ಮಾ, ಬೇಗ ದಾಟು!" ಎಂದು ಕೂಗಿದ. ಅವಳು ಮೆಟ್ಟಿಲಿಳಿದು, ಲಂಗವನ್ನು ಒಂದಿಷ್ಟು ಎತ್ತಿ ಹಿಡಿದು, ಓಣಿಯ ಪ್ರತಿಯೊಂದು ಕಲ್ಲಿನ ಮೇಲೂ ಕಾಲಿಡುತ್ತಾ, ಗಾಡಿಯವನನ್ನೂ ಕುದುರೆಯನ್ನೂ ಕಾಯಿಸಿಕೊಂಡು, ನಿಧಾನವಾಗಿ ದಾಟಿ ಹೋದಳು.