ಗೋಪುರದ ಮೇಲಿನ ಹಸಿರು ಬಟ್ಟೆ

ಪಾಪುವಿಗೆ ನಲವತ್ತು ಹತ್ತಿರವಾಗಿತ್ತು. ಔಷಧಿ ಕಂಪನಿಯಲ್ಲಿ ದೊಡ್ಡ ಕೆಲಸದಲ್ಲಿದ್ದರೂ ಮನೆಯವರ ಬಾಯಲ್ಲಿ ಅವಳು ಇನ್ನೂ ಪಾಪುವೇ. ಅವಳನ್ನು ಎತ್ತಿ ಆಡಿಸಿದ ಅಕ್ಕ ಹೊಲಿಗೆ ಅಂಗಡಿ ಇಟ್ಟುಕೊಂಡವಳು, ಊರು ಬಿಟ್ಟು ಕದಲಿದವಳಲ್ಲ. ಅಂಥವಳನ್ನು ತಂಗಿ ವಿಮಾನ ಹತ್ತಿಸಿ ಸಮುದ್ರದಾಚೆಯ ಈ ಹಳೇ ಪಟ್ಟಣಕ್ಕೆ ಕರೆತಂದಿದ್ದಳು. ತಂಗಿ ಅಂದರೆ ಹೀಗಿರಬೇಕು ಎಂದು ಅಕ್ಕ ಬೀದಿಗೆಲ್ಲ ಡಂಗುರ ಸಾರಿಯೇ ಹೊರಟಿದ್ದಳು.

ಅಮ್ಮ ಗುಂಡಿ ಹಾಕಿಡುತ್ತಿದ್ದ ತಗಡಿನ ಡಬ್ಬಿಯ ಮುಚ್ಚಳದ ಮೇಲೆ ಈ ಪಟ್ಟಣದ ಗಡಿಯಾರದ ಗೋಪುರದ ಚಿತ್ರವಿತ್ತು. ಹೋದರೆ ಮೂವರೂ ಒಟ್ಟಿಗೇ ಹೋಗಬೇಕು ಎಂದು ಅಮ್ಮ ಅನ್ನುತ್ತಿದ್ದಳು. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಇನ್ನು ಇಬ್ಬರಾದರೂ ನೋಡೋಣ ಎಂದು ಹೊರಡಿಸಿದವಳು ಪಾಪುವೇ.

ಬೆಳಗ್ಗೆಯಿಂದ ಅಕ್ಕನ ಕಾಲು ನೆಲದ ಮೇಲಿರಲಿಲ್ಲ. ಸವೆದ ಕಲ್ಲುಹಾಸಿನ ಬೀದಿಗಳು, ಕೈ ಚಾಚಿದರೆ ಎದುರು ಮನೆಯ ಕಿಟಕಿ ಮುಟ್ಟುವಂಥ ಗಲ್ಲಿಗಳು, ರಾಜರ ಅಂಗಿಗಳನ್ನು ಗಾಜಿನೊಳಗಿಟ್ಟ ಅರಮನೆ. ಒಬ್ಬ ರಾಜನ ಅಂಗಿಯ ತೋಳು ಸೊಟ್ಟಗೆ ಕೂತಿದೆಯೆಂದು ಮುಸಿಮುಸಿ ನಕ್ಕು, ಹೊಲಿದವನ ತಲೆ ಉಳಿಯಿತೋ ಇಲ್ಲವೋ ಎಂದಳು. ಪಾಪು ಯಾರನ್ನೂ ಕೇಳದೆ ಗಲ್ಲಿಯಿಂದ ಗಲ್ಲಿಗೆ ನಡೆಸುತ್ತಿದ್ದಳು. ಎಷ್ಟು ಜಾಣೆ ನಮ್ಮ ಹುಡುಗಿ ಎಂದು ಅಕ್ಕ ಹಿಂದಿನಿಂದ ಹಿಗ್ಗುತ್ತಿದ್ದಳು. ಬೇರೆ ಯಾರಾಗಿದ್ದರೂ ಅಷ್ಟರಲ್ಲಿ ಅನುಮಾನ ಪಡುತ್ತಿದ್ದರು. ತಂಗಿಯ ವಿಷಯದಲ್ಲಿ ಇವಳಿಗೆ ಆ ಬುದ್ಧಿ ಎಂದೂ ಇರಲಿಲ್ಲ.

ಮಧ್ಯಾಹ್ನ ಗೋಪುರದ ಎದುರು ಬಂದು ನಿಂತಾಗ ಅಕ್ಕ ಕತ್ತೆತ್ತಿ ಡಬ್ಬಿಯ ಮುಚ್ಚಳದ ಚಿತ್ರಕ್ಕೆ ತಾಳೆ ನೋಡತೊಡಗಿದಳು. ಪಾಪು ಟೋಪಿ ಸರಿಮಾಡಿಕೊಳ್ಳುತ್ತ ಹೇಳಿದಳು:

"ನಿನ್ನ ಅದೃಷ್ಟ ಚೆನ್ನಾಗಿದೆ ಅಕ್ಕ. ಹೋದ ಸಲ ರಿಪೇರಿ ಅಂತ ಮೇಲಿಂದ ಕೆಳಗಿನವರೆಗೂ ಹಸಿರು ಬಟ್ಟೆ ಮುಚ್ಚಿದ್ರು. ಒಂಚೂರೂ ಕಾಣ್ತಿರ್ಲಿಲ್ಲ."

ಮಾತು ಬಾಯಿಂದ ಜಾರಿದ್ದೇ ಅವಳ ಮುಖ ಬಿಳಿಚಿಕೊಂಡಿತು. ಪಾಪು ಇದಕ್ಕೆ ಮೊದಲು ಹೊರದೇಶಕ್ಕೆ ಬಂದದ್ದು ಒಂದೇ ಸಲ, ಕಂಪನಿಯ ತರಬೇತಿಗೆ. ಅಮ್ಮ ತೀರಿಕೊಂಡದ್ದೂ ಆಗಲೇ. ತರಬೇತಿ ಮುಗಿದಿಲ್ಲ, ಅರ್ಧಕ್ಕೆ ಬಿಟ್ಟು ಬಂದರೆ ಕೆಲಸ ಹೋಗುತ್ತದೆ ಎಂದು ಫೋನಿನಲ್ಲಿ ಗೊಳೋ ಎಂದು ಅತ್ತಿದ್ದಳು. ಆ ಅಳುವನ್ನು ನಂಬಿ ಅಕ್ಕ, ಮಣ್ಣಿಗೂ ಬರದ ಮಗಳು ಎಂದು ಆಡಿಕೊಂಡ ಸೋದರಮಾವನನ್ನು ಬಾಯಿಗೆ ಬಂದಂತೆ ಬೈದು ಕಳಿಸಿದ್ದಳು. ಅವನು ಮತ್ತೆ ಅವಳ ಮನೆ ಕಡೆ ತಲೆ ಹಾಕಿರಲಿಲ್ಲ.

"ತರಬೇತಿ ಇರ್ಲಿಲ್ವಾ?" ಎಂದಳು ಅಕ್ಕ.

"ಇತ್ತು. ಮುಗಿದಿತ್ತು." ಪಾಪು ನೆಲ ನೋಡಿದಳು. "ಜೊತೆಯವ್ರೆಲ್ಲ ಇಲ್ಲಿಗೆ ಹೊರಟ್ರು, ನಾನೂ ಬಂದೆ. ಆ ಸ್ಥಿತೀಲಿ ಅಮ್ಮನ್ನ ನೋಡೋಕೆ ನನ್ನಿಂದ ಆಗ್ತಿರ್ಲಿಲ್ಲ. ಹೇಗೂ ನೀನಿದ್ಯಲ್ಲ ಅಕ್ಕ."

ಅಕ್ಕ ಇದ್ದಳು, ನಿಜ. ಅಮ್ಮ ಬಾಗಿಲ ಕಡೆಗೇ ಕಣ್ಣು ನೆಟ್ಟು ಪಾಪು ಬಂದಳಾ ಎಂದು ಕೇಳಿದಾಗಲೆಲ್ಲ, ವಿಮಾನ ಹತ್ತಿದ್ದಾಳೆ, ಇನ್ನೇನು ಬಂದುಬಿಡುತ್ತಾಳೆ ಎಂದು ಹೇಳಲು ಅವಳೇ ಇದ್ದಳು. ಸಾಯುವವಳಿಗೆ ಸುಳ್ಳು ಹೇಳಿದೆನಲ್ಲ ಎಂದು ಎರಡು ವರ್ಷ ಒಳಗೊಳಗೇ ಬೆಂದವಳೂ ಅವಳೇ. ಆ ಹೊತ್ತಿಗೆ ತಂಗಿ ಇಲ್ಲಿ ನಿಂತು, ಗೋಪುರ ಕಾಣಿಸುತ್ತಿಲ್ಲವಲ್ಲ ಎಂದು ಬೇಜಾರು ಮಾಡಿಕೊಳ್ಳುತ್ತಿದ್ದಳು. ಅಪ್ಪನಿಲ್ಲದ ಮನೆಯಲ್ಲಿ ಅಕ್ಕ ಮಗಳಂತೆ ಸಾಕಿದ ತಂಗಿ, ಅಕ್ಕನ ಕೈಯಿಂದಲೇ ಅಮ್ಮನಿಗೆ ಮೋಸ ಮಾಡಿಸಿದ್ದಳು.

"ನನ್ನ ಹಿಂದೆ ಬರಬೇಡ" ಎಂದು ಅಕ್ಕ ಸರಸರನೆ ನಡೆದಳು. ಎರಡು ತಿರುವು ದಾಟಿದ್ದೇ ಸಿಟ್ಟು ಕಾಲಿಗೆ ಬಂದು ತೊಡರಿತು. ಎಲ್ಲ ಗಲ್ಲಿಗಳೂ ಒಂದೇ ಥರ ಕಂಡವು. ಬೋರ್ಡುಗಳ ಒಂದಕ್ಷರವೂ ಓದಲು ಬರದು. ಇಳಿದುಕೊಂಡ ಹೋಟೆಲಿನ ಹೆಸರನ್ನು ಕೂಡ ಅವಳು ಕೇಳಿಟ್ಟುಕೊಂಡಿರಲಿಲ್ಲ, ತಂಗಿ ಇದ್ದಾಳಲ್ಲ ಎಂದು.

ಬೀದಿ ಕವಲಾದಲ್ಲಿ ಗೋಡೆ ಹಿಡಿದು ನಿಂತಳು. ಹಿಂದೆ ಹೆಜ್ಜೆಯ ಸದ್ದು ಬಂದು ನಿಂತಿತು.

"ಎಡಕ್ಕೆ, ಅಕ್ಕ" ಎಂದಳು ಪಾಪು.

ಅಕ್ಕ ಅವಳ ಮುಖ ನೋಡದೆ ಎಡಕ್ಕೆ ತಿರುಗಿದಳು.