ಗೇರಣ್ಣನ ದೊಡ್ಡ ಚಕ್ರಗಳು

ಗ್ಯಾರೇಜಿನವರೆಲ್ಲ ಗೇರಣ್ಣ ಎಂದು ಕರೆಯುತ್ತಿದ್ದ ಆ ಮನುಷ್ಯನಿಗೆ ಮನೆಯಲ್ಲಿ ಬಾಯಿಯೇ ಇರಲಿಲ್ಲ. ಕೇಳಿದ್ದಕ್ಕೆ ಹೂಂ, ಕೇಳದ್ದಕ್ಕೆ ಅದೂ ಇಲ್ಲ. ಆದರೆ ತನ್ನ ಹಳೇ ಪುಟ್ಟ ಕಾರಿನ ಸ್ಟೇರಿಂಗ್ ಹಿಡಿದನೆಂದರೆ ತುಟಿ ಅಲ್ಲಾಡುತ್ತಿತ್ತು, ಏನೋ ಹಾಡಿಕೊಳ್ಳುತ್ತಿದ್ದ. ಏನೆಂದು ಪಕ್ಕದಲ್ಲಿ ಕೂತ ಹೆಂಡತಿಗೆ ಒಂದು ದಿನವೂ ಕೇಳಿಸಿರಲಿಲ್ಲ. ಆ ಕಾರಿನ ಗೇರೇ ಹಾಗೆ. ಏರು ಹತ್ತುವುದರಲ್ಲಿ ಎತ್ತಿದ ಕೈ, ಸಮತಟ್ಟು ರಸ್ತೆಗೆ ಬಂದರೆ ಇಂಜಿನ್ನು ಊರಿಗೆಲ್ಲ ಕೇಳುವ ಹಾಗೆ ಕಿರುಚುತ್ತಿತ್ತು. ಗುಟ್ಟು ಹೇಳಬೇಕೆಂದರೆ ಕೆಂಪು ಸಿಗ್ನಲ್ಲಿಗೆ ಕಾಯಬೇಕಿತ್ತು. ಅಲ್ಲೂ ಅಭ್ಯಾಸಬಲದಿಂದ ಕೂಗಿಬಿಟ್ಟು, ಪಕ್ಕದ ಗಾಡಿಯವರು ತಿರುಗಿ ನೋಡಿ, ಇಬ್ಬರೂ ನಕ್ಕಿದ್ದುಂಟು. ಆ ದಿನಗಳನ್ನು ನೆನೆದರೆ ಅವಳಿಗೆ ಈಗಲೂ ಹೊಟ್ಟೆ ತಂಪಾಗುತ್ತಿತ್ತು.

ಈಗ ಅವಳ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯೂ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಸಂಜೆ ಅವಳು ಹೊಲಿಗೆ ಮಿಷನ್ನು ನಿಲ್ಲಿಸಿ ಕೂತಳು.

"ರೀ, ಇರೋ ಕಿವೀನೂ ಹೋಗೋದರೊಳಗೆ ನೀವು ಹಾಡೋದು ಒಂದು ಸಲ ಕೇಳಬೇಕು ನಂಗೆ."

"ಸುಮ್ನೆ ಕೂತು ಹಾಡೋಕೆ ಬರಲ್ಲ ಕಣೇ. ಗಾಡಿ ಓಡ್ತಿರಬೇಕು."

"ಹಾಗಾದ್ರೆ ಆ ಗಾಡಿ ಬಾಯಿ ಮುಚ್ಚಿಸಿ."

ಮುಚ್ಚಿಸಲು ಹೊರಟ. ಎಲ್ಲಿಂದಲೋ ದೊಡ್ಡ ಚಕ್ರ, ದೊಡ್ಡ ಟೈರು ತಂದ. ಅವು ಉಜ್ಜದಿರಲೆಂದು ಮಡ್‌ಗಾರ್ಡಿನ ಒಳ ಅಂಚನ್ನು ಸುತ್ತಿಗೆಯಿಂದ ತಟ್ಟಿ ಮಡಚಿದ. ಮೂಗಿಗಿಂತ ಮೂಗುತಿ ಭಾರ ಎಂದು ಗ್ಯಾರೇಜಿನವರು ನಕ್ಕರು.

"ಚಕ್ರ ದೊಡ್ಡದಾದ್ರೆ ಒಂದು ಸುತ್ತಿಗೆ ಜಾಸ್ತಿ ದೂರ ಹೋಗತ್ತೆ. ಅದೇ ಸ್ಪೀಡಿಗೆ ಇಂಜಿನ್ನು ಕಮ್ಮಿ ತಿರುಗತ್ತೆ, ಕಮ್ಮಿ ಕೂಗತ್ತೆ," ಎಂದು ಹೆಂಡತಿಗೆ ವಿವರಿಸಿದ. ಮದುವೆಯಾದ ಮೇಲೆ ಅವನು ಒಂದೇ ಉಸಿರಿಗೆ ಆಡಿದ ಅತಿ ಉದ್ದದ ಮಾತು ಅದು.

ಭಾನುವಾರ ಹೊರಟರು. ಹೆದ್ದಾರಿಯಲ್ಲಿ ಕಾರು ಸಾಕಿದ ಬೆಕ್ಕಿನ ಹಾಗೆ ಹೋಯಿತು. ಸ್ಪೀಡಿನ ಮುಳ್ಳು ಕೂಡ ಮೋಸಹೋಗಿ, ಇದ್ದದ್ದಕ್ಕಿಂತ ಕಮ್ಮಿ ತೋರಿಸುತ್ತಿತ್ತು. ಅವಳು ಬಲಗಿವಿಯನ್ನು ಅವನತ್ತ ಕೊಟ್ಟು ಕೂತಳು. ಅವನು ಬಾಯಿ ತೆರೆದ. ದನಿ ಒಂದು ಕಡೆ, ರಾಗ ಒಂದು ಕಡೆ. ಕೆಮ್ಮಿ ಮತ್ತೆ ಶುರುಮಾಡಿದ, ಮತ್ತೆ ತಪ್ಪಿತು.

"ಶ್ರುತೀನೇ ಸಿಗ್ತಿಲ್ಲ," ಎಂದ.

ಇಷ್ಟು ವರ್ಷ ಇಂಜಿನ್ನಿನ ಕಿರುಚಾಟವನ್ನೇ ಶ್ರುತಿ ಮಾಡಿಕೊಂಡಿದ್ದನೆಂದು ಅವನಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗಾಯಿತು. ಅವಳಿಗೆ ಅಳು ಬಂತು.

ಮುಂದೆ ಏರು ಸಿಕ್ಕಿತು. ದೊಡ್ಡ ಚಕ್ರ ಹೊತ್ತ ಕಾರು ಏದುಸಿರು ಬಿಟ್ಟಿತು. ಮೊದಲು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಜಾಗದಲ್ಲಿ ಎರಡನೆಯದಕ್ಕೆ ಇಳಿಸಬೇಕಾಯಿತು. ಇಂಜಿನ್ನು ಹಳೇ ಕಾಲದ ಹಾಗೆಯೇ ಕಿರುಚಿತು. ಕ್ಲಚ್ಚು, ತಿರುವು ಎಂದು ಮುಳುಗಿಹೋಗಿದ್ದ ಅವನ ತುಟಿ ತನ್ನಷ್ಟಕ್ಕೆ ಅಲ್ಲಾಡತೊಡಗಿತು.

ಅವಳು ನಾಚಿಕೆ ಗೀಚಿಕೆ ನೋಡಲಿಲ್ಲ. ವಾಲಿಕೊಂಡು ಬಲಗಿವಿಯನ್ನು ಅವನ ಭುಜಕ್ಕೆ ಒತ್ತಿದಳು. ಅವನ ಎಲುಬಿನೊಳಗಿಂದ ಹಾಡು ಕೇಳಿಸಿತು.

ಅದೊಂದು ಜೋಗುಳ. ಮಗಳು ಕೂಸಾಗಿದ್ದಾಗ ಅವಳೇ ಕಟ್ಟಿದ್ದು. ಅವನು ಕೆಲಸದಿಂದ ಬಂದು ಗೋಡೆಯಾಚೆ ಗ್ರೀಸಿನ ಕೈ ತೊಳೆಯುತ್ತಿದ್ದ ಹೊತ್ತಿಗೆ ತೊಟ್ಟಿಲು ತೂಗುತ್ತಾ ಗುನುಗುತ್ತಿದ್ದದ್ದು. ಎರಡನೇ ಸಾಲಿಗೆ ಮಾತು ಹೊಳೆಯದೆ ಲಾಲಲ ಲಾಲಿ ಎಂದು ತುಂಬಿಸಿದ್ದಳು. ಅವಳಿಗೇ ಮರೆತುಹೋಗಿತ್ತು. ಅವನು ಆ ಲಾಲಲವನ್ನೂ ಬಿಡದೆ ಹಾಡುತ್ತಿದ್ದ.

ಏರು ಮುಗಿಯಿತು. ಅವನ ಕೈ ಗೇರಿನತ್ತ ಹೋಯಿತು. ಅವಳು ಆ ಕೈ ಹಿಡಿದುಕೊಂಡಳು.

"ಇರಲಿ ಬಿಡಿ," ಎಂದಳು. "ಕೂಗಿದ್ರೆ ಕೂಗ್ಲಿ. ಇದೇ ಗೇರಲ್ಲಿ ಹೋಗೋಣ."