ಬೆನ್ನಿನ ಅಳತೆ

"ಇನ್ನೊಬ್ರು ಭುಜ ಹಿಡೀರಿ. ಒಂದೀಟ ಒತ್ತಿದ್ರ ನೆಟ್ಟಗ ಕುಂಡ್ರತಾನ," ಎಂದು ರಾಚಪ್ಪ ಹೆಣದ ಬೆನ್ನಿಗೆ ಮೊಣಕಾಲು ಕೊಟ್ಟ. ನಡುಮನೆಯಲ್ಲಿ ಕೂರಿಸಿದ್ದ ಮುರಿಗೆಪ್ಪ ಮೂರನೆಯ ಸಲವೂ ಮುಂದಕ್ಕೆ ಬಾಗಿದ.

ಹೆಂಡತಿ ಚನ್ನವ್ವನಿಗೆ ಗಂಡ ಹೋದ ದುಃಖಕ್ಕಿಂತ ಆ ಮೊಣಕಾಲಿನ ಭಯವೇ ದೊಡ್ಡದಾಯಿತು. ಮಮದಾಪುರದಲ್ಲಿ ಉಳುಕಿದ ಎಲುಬು ಕೂರಿಸುವವನೂ ರಾಚಪ್ಪನೇ, ಸಮಾಧಿಗೆ ಹೆಣ ಕೂರಿಸುವವನೂ ರಾಚಪ್ಪನೇ. ಅವನಿಗೆ ಎದುರಾಡಿದವರಿಲ್ಲ. ಆದರೆ ಇವತ್ತು ಬಾಯಿ ತೆರೆಯದಿದ್ದರೆ ಗಂಡನಿಗೆ ಕೊಟ್ಟ ಮಾತು ಮಣ್ಣು ಸೇರುತ್ತದೆ.

"ಬಗ್ಗಿಕೊಂಡ ಹೋದ್ರ ಹೆಂಗವಾ? ನೋಡಿದವ್ರು ಏನಂದಾರು?" ಎಂದಳು ನಾದಿನಿ ಗೌರವ್ವ.

*

ಮುರಿಗೆಪ್ಪ ಇಪ್ಪತ್ತು ವರ್ಷ ಮೂಡಲಗಿಯ ಆಲೆಮನೆಗಳಲ್ಲಿ ಬೆಲ್ಲದ ಪೆಂಟೆ ಹೊತ್ತವನು. ನೊಣಗಳು ಬೆನ್ನು ಬಿಡುತ್ತಿರಲಿಲ್ಲ. "ನನ್ನ ಹಿಂದ ದಂಡು ಐತಿ," ಎಂದು ನಗುತ್ತಿದ್ದ. ಐವತ್ತನಾಲ್ಕನೇ ಇಸವಿಯ ಸುಗ್ಗಿಯಲ್ಲಿ ಬೆನ್ನು ಹಿಡಿದುಕೊಂಡಿತು, ಎಡಗಾಲು ಜೋಮು ಹತ್ತತೊಡಗಿತು. ಗಂಡ ಹೆಂಡತಿ ಮಿರಜದ ಆಸ್ಪತ್ರೆಗೆ ಹೋದರು.

ಡಾಕ್ಟರು ಎಕ್ಸ್‌ರೇಯ ಕರಿ ಫಿಲ್ಮನ್ನು ಕಿಟಕಿಗೆ ಹಿಡಿದರು. "ಬೆನ್ನಿನ ಮಣಿ ಸವದಾವ. ಸವದಲ್ಲೆ ಎಲುಬು ಮುಳ್ಳಿನಂಗ ಬೆಳದೈತಿ, ನರಕ್ಕ ತಾಗಾಕತ್ತೈತಿ. ಭಾರ ಹೊರಬ್ಯಾಡ್ರಿ. ಬಿಸಿನೀರಿನ ಶಾಖ ಕೊಡ್ರಿ. ಯಾರ ಕೈಲೂ ಒತ್ತಿಸಬ್ಯಾಡ್ರಿ."

"ಮುಳ್ಳು ಕೀಳಾಕ ಬರೂದಿಲ್ಲೇನ್ರಿ?" ಎಂದು ಚನ್ನವ್ವ ಕೇಳಿದಳು.

"ಅದಕ್ಕ ಮುಂಬಯಿಗೆ ಹೋಗಬೇಕು. ಸದ್ಯ ಬ್ಯಾಡ. ಜ್ವಾಕಿಲೆ ಇದ್ರ ಮುಳ್ಳಿನ ಕೂಡನ ಬಾಳ್ವೆ ಮಾಡಬಹುದು."

ಚನ್ನವ್ವನ ತಲೆಯಲ್ಲಿ ಉಳಿದದ್ದು ಮುಳ್ಳೊಂದೇ. ಗಂಡ ಕೆಮ್ಮಿದರೂ ಅದು ನರ ಹರಿಯಿತೇನೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ತಿಂಗಳೊಳಗೇ ತಾಳಲಾರದೆ, ಒತ್ತಿದರೆ ಮುಳ್ಳು ಸರಿದೀತೆಂದು ಗಂಡನಿಗೂ ಹೇಳದೆ ರಾಚಪ್ಪನನ್ನು ಕರೆಸಿದಳು. ಮುರಿಗೆಪ್ಪ ಬೇಡ ಅನ್ನುವಷ್ಟರಲ್ಲಿ ಮೊಣಕಾಲು ಬೆನ್ನಿಗೆ ಬಿದ್ದಿತ್ತು. ಕಟ್ ಎಂದಿತು. "ಎಲುಬು ಕೂತಿತು ನೋಡವಾ," ಎಂದು ರಾಚಪ್ಪ ಸಂತೋಷಪಟ್ಟು ಚಹಾ ಕುಡಿದು ಹೋದ. ಮರುದಿನದಿಂದ ಎಡಗಾಲು ಎಳೆಯಿತು. ಬಗ್ಗಿದ ಬೆನ್ನು ಮತ್ತೆ ಮೇಲೇಳಲಿಲ್ಲ.

ಮುರಿಗೆಪ್ಪ ನಾಲ್ಕು ವರ್ಷ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅವಳ ಜೀವಕ್ಕೆ ಹಗುರಾಗುತ್ತಿತ್ತು. ಹೋದ ವಾರವಷ್ಟೇ ಅಂದಿದ್ದ: "ನಾ ಸತ್ತ ಮ್ಯಾಲ ಅವ ಬರತಾನ. ನನ್ನ ಬೆನ್ನ ಒತ್ತಾಕ ಕೊಡಬ್ಯಾಡ. ಹಿಂಗ ಬಗ್ಗೇ ಹೋಗತೇನಿ." ಅವಳು "ಆತು" ಎಂದಿದ್ದಳು.

*

"ಕಾಲ ತಗೀರಿ ಕಾಕಾ!"

ಚನ್ನವ್ವ ಟ್ರಂಕಿನಿಂದ ಫಿಲ್ಮ್ ತಂದು ರಾಚಪ್ಪನ ಕೈಗಿಟ್ಟಳು.

"ಒತ್ತಬ್ಯಾಡಂತ ಡಾಕ್ಟರ ಹೇಳಿದ್ರು. ಅದನ್ನ ನಿಮಗ ಮುಚ್ಚಿಟ್ಟ ಕರಸಿದಾಕಿ ನಾನ. ತಪ್ಪ ನಂದ. ಇವತ್ತಾದ್ರೂ ಬಿಡ್ರಿ ಅವನ್ನ. ಬಗ್ಗಿದವಗ ಅಂಗೈಯಾಗಿನ ಲಿಂಗ ಇನ್ನೂ ಸನಿಹದಾಗ ಕಾಣತೈತಿ."

ರಾಚಪ್ಪ ಬಾಗಿಲ ಬೆಳಕಿಗೆ ಫಿಲ್ಮ್ ಹಿಡಿದ. ಸಾವಿರ ಬೆನ್ನು ಮುಟ್ಟಿದ್ದ ಅವನು ಬೆನ್ನಿನ ಒಳಗನ್ನು ನೋಡಿದ್ದು ಅದೇ ಮೊದಲು. "ಇಷ್ಟ ಮುಳ್ಳ ಇದ್ದುವೇನವಾ?" ಎಂದ. ಫಿಲ್ಮನ್ನು ಅವಳಿಗೆ ಕೊಟ್ಟು, ಚಪ್ಪಲಿ ಮೆಟ್ಟದೆ ಹೊರಟುಹೋದ.

"ಹಿರ್ಯಾನ್ನ ಸಿಟ್ಟಿಗೆಬ್ಬಿಸಿದಿ. ಇನ್ನ ಕುಣಿಯಾಗ ಕುಂಡ್ರಸವ್ರ ಯಾರು?" ಎಂದಳು ಗೌರವ್ವ. ಹೆಣದ ಹಿಂದೆ ಸಮಾಧಿಯ ಹೊಲ ಮುಟ್ಟುವವರೆಗೂ ಚನ್ನವ್ವನಿಗೆ ಅದೇ ದಿಗಿಲು. ಭಜನೆಯೂ ಕಿವಿಗೆ ಬೀಳಲಿಲ್ಲ.

ಕುಣಿಯ ಅಂಚಿಗೆ ಬಂದು ಇಣುಕಿದಳು. ಒಳಗೆ ರಾಚಪ್ಪನಿದ್ದ. ನೆಟ್ಟಗೆ ಕಡಿದಿದ್ದ ಮಣ್ಣಿನ ಗೋಡೆಯಲ್ಲಿ ಗೂನು ಕೂರುವಷ್ಟು ತಗ್ಗು ತೋಡಿದ್ದ. ಕುರ್ಪಿ ಕೆಳಗಿಟ್ಟು, ಎಡಗಾಲನ್ನು ಕೈಯಿಂದ ಎಳೆದು ಮಡಚಿಕೊಂಡು ಕುಳಿತ. ಮುರಿಗೆಪ್ಪನಷ್ಟೇ ಬಗ್ಗಿ ತಗ್ಗಿಗೆ ಬೆನ್ನು ಕೊಟ್ಟು ನೋಡಿದ.

"ತಡೀರಿ," ಎಂದ ಮೇಲಿನವರಿಗೆ. "ಇನ್ನೂ ಒತ್ತತೈತಿ." ಮತ್ತೆ ಕುರ್ಪಿ ಎತ್ತಿಕೊಂಡ.